ಇಪ್ಪತ್ತು ಎಣಿಸುವವರೆಗೆ ಕೈ ಅಲ್ಲಾಡಬಾರದು

ಪೀಣ್ಯ ಎರಡನೇ ಹಂತದ ಒಂದು ಗಾರ್ಮೆಂಟ್ಸ್ ಗೇಟಿನ ಎದುರು ನಾವು ಮೂವರು ನಿಂತಿದ್ದೆವು. ಸಂಜೆ 5.30 ದಾಟಿತ್ತು. ಗೇಟು ತೆರೆಯಿತು. ಒಂದೇ ಉಸಿರಿಗೆ ನೂರಾರು ಹೆಂಗಸರು ಹೊರಗೆ ಬಂದರು. ಕೈಯಲ್ಲಿ ಟಿಫಿನ್ ಬ್ಯಾಗು, ಕೊರಳಲ್ಲಿ ಐಡಿ ಕಾರ್ಡು, ಕೆಲವರ ತಲೆಗೂದಲಲ್ಲಿ ಬಟ್ಟೆಯ ಎಳೆ. ಫೋನ್ ಎತ್ತಿದೆವು. ಇಳಿಸಿದೆವು. ಮತ್ತೆ ಎತ್ತಿದೆವು. ಯಾರೋ ಒಬ್ಬರು ನಮ್ಮ ಕಡೆ ನೋಡಿದರು ಅನ್ನಿಸಿದ ಕೂಡಲೇ ಕೈ ತಾನಾಗಿಯೇ ಕೆಳಗೆ ಬಂತು. ಹತ್ತು ನಿಮಿಷದಲ್ಲಿ ರಸ್ತೆ ಖಾಲಿ.

ರಾತ್ರಿ ದಾಸರಹಳ್ಳಿಯ ರೂಮಿನಲ್ಲಿ ಕೂತು ನೋಡಿದರೆ 61 ತುಣುಕುಗಳಿದ್ದವು. ಅದರಲ್ಲಿ ಅತಿ ಉದ್ದದ್ದು ಏಳು ಸೆಕೆಂಡು. ಅರ್ಧ ತುಣುಕುಗಳಲ್ಲಿ ರಸ್ತೆಯ ಗುಂಡಿ, ನಮ್ಮದೇ ಚಪ್ಪಲಿ, ಮೆಟ್ರೋ ಕಂಬ. ಒಂದರಲ್ಲಿ ನಮ್ಮವಳೇ ಒಬ್ಬಳು ‘ತಗೊಳ್ಳೇ, ತಗೊಳ್ಳೇ ಬೇಗ’ ಅಂತ ಪಿಸುಗುಡುವುದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

ನಾವು ಪತ್ರಿಕೋದ್ಯಮ ಓದಿದವರು. ಒಬ್ಬಳದು ಪಾವಗಡದ ಕಡೆ, ಒಬ್ಬನದು ಮದ್ದೂರಿನ ಕಡೆ, ಇನ್ನೊಬ್ಬನದು ಸಿಂಧನೂರು. ಮೈಕ್ ಹಿಡಿದು ‘ಕ್ಯಾಮೆರಾಮನ್ ಜೊತೆ’ ಅಂತ ಹೇಳುವುದು ನಮಗೆ ಬರುತ್ತಿತ್ತು. ಬೈಟ್ ತಗೊಳ್ಳುವುದು, ಅದರ ಮೇಲೆ ವಾಯ್ಸ್ ಓವರ್ ಓದುವುದು ಬರುತ್ತಿತ್ತು. ಆದರೆ ಏನೂ ಕೇಳದೆ, ಯಾರಿಗೂ ‘ಸ್ವಲ್ಪ ಈ ಕಡೆ ನೋಡಿ’ ಅನ್ನದೆ, ನಡೆಯುವುದನ್ನು ನಡೆದ ಹಾಗೆ ಹಿಡಿದಿಟ್ಟುಕೊಳ್ಳುವುದು ನಮಗೆ ಬರುತ್ತಿರಲಿಲ್ಲ. ಅದನ್ನು ಕಲಿಯಲು ಏಳೆಂಟು ತಿಂಗಳು ಬೇಕಾಯಿತು. ಮಧ್ಯೆ ಒಂದು ದೊಡ್ಡ ತಪ್ಪನ್ನೂ ಮಾಡಿದೆವು. ಅದನ್ನು ಆಮೇಲೆ ಹೇಳುತ್ತೇವೆ.

ಇಂಥ ಚಿತ್ರೀಕರಣಕ್ಕೆ ಅಬ್ಸರ್ವೇಷನಲ್ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೂತು ನೋಡುವ ಸಿನಿಮಾ. 1960ರ ಹೊತ್ತಿಗೆ ಅಮೆರಿಕದಲ್ಲಿ ರಾಬರ್ಟ್ ಡ್ರೂ, ರಿಚರ್ಡ್ ಲೀಕಾಕ್, ಆಲ್ಬರ್ಟ್ ಮೇಸಲ್ಸ್ ಮುಂತಾದವರು ಭುಜದ ಮೇಲೆ ಹೊರಬಹುದಾದ ಕ್ಯಾಮೆರಾ ಹಿಡಿದು ವಿಸ್ಕಾನ್ಸಿನ್‌ನಲ್ಲಿ ಚುನಾವಣಾ ಪ್ರಚಾರದ ಹಿಂದೆ ಓಡಾಡಿ ‘ಪ್ರೈಮರಿ’ ಅಂತ ಒಂದು ಚಿತ್ರ ಮಾಡಿದರು. ಅಭ್ಯರ್ಥಿ ಕೆನಡಿ ಜನರ ಮಧ್ಯೆ ಹೋಗುವಾಗ ಕ್ಯಾಮೆರಾವೂ ಅವರ ಬೆನ್ನ ಹಿಂದೆಯೇ ಹೋಗುತ್ತದೆ. ಅಲ್ಲಿಯವರೆಗೆ ಕ್ಯಾಮೆರಾ ಇದ್ದ ಕಡೆಗೆ ಜನ ಬರಬೇಕಿತ್ತು, ಈಗ ಜನ ಇದ್ದ ಕಡೆಗೆ ಕ್ಯಾಮೆರಾ ಹೋಯಿತು. ಫ್ರೆಡರಿಕ್ ವೈಸ್‌ಮನ್ ಅನ್ನುವವರು ಆಸ್ಪತ್ರೆ, ಶಾಲೆ, ಕಚೇರಿಗಳಲ್ಲಿ ವಾರಗಟ್ಟಲೆ ಕೂತು ಚಿತ್ರ ಮಾಡಿದರು. ಸಂದರ್ಶನ ಇಲ್ಲ, ಹಿನ್ನೆಲೆ ದನಿ ಇಲ್ಲ. ಅವರು ಕ್ಯಾಮೆರಾ ಹಿಡಿಯುತ್ತಿರಲಿಲ್ಲ, ಸೌಂಡ್ ಹಿಡಿಯುತ್ತಿದ್ದರು. ಇದು ನಮಗೆ ಬಹಳ ಹಿಡಿಸಿತು. ಯಾಕೆ ಅಂತ ಸೌಂಡಿನ ವಿಷಯ ಬಂದಾಗ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಗೊತ್ತಾದಾಗ ನಮಗೆ ನಗು ಬಂತು. ಜಗತ್ತಿನ ಮೊದಮೊದಲ ಸಿನಿಮಾಗಳಲ್ಲೊಂದು ಫ್ಯಾಕ್ಟರಿ ಗೇಟಿನದ್ದೇ! 1895ರಲ್ಲಿ ಫ್ರಾನ್ಸಿನ ಲಿಯಾನ್ ಊರಿನಲ್ಲಿ ಲುಮಿಯೇರ್ ಸಹೋದರರು ತಮ್ಮದೇ ಕಾರ್ಖಾನೆಯ ಗೇಟಿನ ಎದುರು ಕ್ಯಾಮೆರಾ ಇಟ್ಟು, ಕೆಲಸ ಮುಗಿಸಿ ಹೊರಬರುವವರನ್ನು ತೆಗೆದರು. ಒಂದು ನಿಮಿಷವೂ ಇಲ್ಲ. ಬರುವವರಲ್ಲಿ ಹೆಚ್ಚಿನವರು ಹೆಂಗಸರೇ. ಆದರೆ ಅದರ ಮೂರು ಬೇರೆ ಬೇರೆ ಪ್ರತಿಗಳಿವೆ. ಅಂದರೆ ಅದೇ ಗೇಟಿನಿಂದ ಜನರನ್ನು ಮತ್ತೆ ಮತ್ತೆ ಹೊರಗೆ ಬಿಟ್ಟು ತೆಗೆದಿದ್ದಾರೆ. ಕ್ಯಾಮೆರಾ ಮಾಲೀಕರದ್ದು, ಗೇಟು ಮಾಲೀಕರದ್ದು, ಕೆಲಸದವರೂ ಅವರವರೇ. ಅವರಿಗೆ ಯಾವ ಸೆಕ್ಯುರಿಟಿಯವನು ತಾನೇ ‘ಯಾವ ಚಾನೆಲ್ರೀ?’ ಅಂತ ಕೇಳಿಯಾನು?

ನಮ್ಮನ್ನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು. ಸೆಕ್ಯುರಿಟಿಯವರು ಕೇಳುತ್ತಿದ್ದರು, ಆಟೋದವರು ಕೇಳುತ್ತಿದ್ದರು, ಹೂವು ಮಾರುವ ಅಜ್ಜಿ ಕೇಳುತ್ತಿದ್ದರು. ‘ಚಾನೆಲ್ ಅಲ್ಲ’ ಅಂದರೆ ‘ಮತ್ಯಾಕೆ?’ ಅನ್ನುತ್ತಿದ್ದರು. ನಮ್ಮ ಬಳಿ ಉತ್ತರ ಇರಲಿಲ್ಲ. ಹೆದರಿಕೆಯ ಬೇರು ಅಲ್ಲೇ ಇತ್ತು ಅಂತ ಈಗ ಅನ್ನಿಸುತ್ತದೆ. ಕೈ ನಡುಗುತ್ತಿದ್ದದ್ದು ಫೋನ್ ಹಿಡಿಯಲು ಬರುವುದಿಲ್ಲ ಅಂತಲ್ಲ, ಯಾಕೆ ಹಿಡಿದಿದ್ದೇವೆ ಅಂತ ನಮಗೇ ಗೊತ್ತಿಲ್ಲದ್ದಕ್ಕೆ.

ಆಗ ನಮಗಿಂತ ಹಿರಿಯರೊಬ್ಬರು, ಇದೇ ಕೆಲಸದಲ್ಲಿ ಬಹಳ ವರ್ಷ ಇದ್ದವರು, ಒಂದು ಮಾತು ಹೇಳಿದರು. ‘ಹದಿನೈದು ದಿನ ಫೋನ್ ಜೇಬಿನಿಂದ ತೆಗೀಬೇಡಿ. ದಿನಾ ಅದೇ ಹೊತ್ತಿಗೆ ಅದೇ ಜಾಗಕ್ಕೆ ಹೋಗಿ. ಟೀ ಕುಡೀರಿ. ವಾಪಸ್ ಬನ್ನಿ.’

ಹೋದೆವು. ಗೇಟಿನಿಂದ ಐವತ್ತು ಹೆಜ್ಜೆ ದೂರದ ಟೀ ಅಂಗಡಿ. ಐದನೇ ದಿನಕ್ಕೆ ಅಂಗಡಿಯವರು ಕೇಳದೆಯೇ ಮೂರು ಟೀ ಇಟ್ಟರು. ಒಂಬತ್ತನೇ ದಿನಕ್ಕೆ ಸೆಕ್ಯುರಿಟಿಯವರೇ ಬಂದು ನಮ್ಮ ಪಕ್ಕ ಕೂತು, ತಮ್ಮ ಮಗ ಪಿಯುಸಿಯಲ್ಲಿ ಫೇಲಾದ ಕಥೆ ಹೇಳಿದರು. ಅಷ್ಟರಲ್ಲಿ ನಮಗೂ ಕಣ್ಣು ಬಂದಿತ್ತು. ಗೇಟು ತೆರೆಯುವ ಐದು ನಿಮಿಷ ಮುಂಚೆ ಆಟೋಗಳು ಸಾಲು ಬದಲಿಸುತ್ತವೆ. ಸೊಪ್ಪಿನವರು ನೀರು ಚಿಮುಕಿಸಲು ಶುರು ಮಾಡುತ್ತಾರೆ. ಮೊದಲು ಹೊರಬರುವವರು ಓಡುತ್ತಾರೆ, ಅವರ ಮಕ್ಕಳು ಅಂಗನವಾಡಿಯಲ್ಲೋ ಪಕ್ಕದ ಮನೆಯಲ್ಲೋ ಕಾಯುತ್ತಿರುತ್ತಾರೆ. ಕೊನೆಗೆ ಬರುವವರು ನಿಧಾನ, ಅವರು ರೂಮಿನ ಹುಡುಗಿಯರು. ಗೇಟು ದಾಟಿದ ಮೇಲೆ ಐಡಿ ಕಾರ್ಡನ್ನು ಕೊರಳಿಂದ ತೆಗೆದು ಬ್ಯಾಗಿಗೆ ಹಾಕುವ ಒಂದು ಚಲನೆ ಇದೆ, ಅದು ಎಲ್ಲರಲ್ಲೂ ಒಂದೇ ಥರ. ಮೊದಲ ದಿನ 61 ತುಣುಕು ತೆಗೆದವರಿಗೆ ಇದ್ಯಾವುದೂ ಕಂಡಿರಲಿಲ್ಲ.

ಹದಿನಾರನೇ ದಿನ ಫೋನ್ ತೆಗೆದೆವು. ಯಾರೂ ಏನೂ ಕೇಳಲಿಲ್ಲ.

ಇನ್ನು ಕೈ ಪಳಗಿದ ಕಥೆ. ನೀವೂ ಊರಲ್ಲಿ ಜಾತ್ರೆಯೋ ಸಂತೆಯೋ ಗ್ರಾಮಸಭೆಯೋ ತೆಗೆಯುವವರಾದರೆ ಇದು ಉಪಯೋಗಕ್ಕೆ ಬಂದೀತು ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಮೊದಲು ಕಲಿತದ್ದು ಎಣಿಸುವುದು. ರೆಕಾರ್ಡ್ ಒತ್ತಿ ಮನಸ್ಸಿನಲ್ಲೇ ಒಂದರಿಂದ ಇಪ್ಪತ್ತು ಎಣಿಸಬೇಕು. ಎಣಿಕೆ ಮುಗಿಯುವವರೆಗೆ ಫೋನ್ ತಿರುಗಿಸುವ ಹಾಗಿಲ್ಲ, ಝೂಮ್ ಮಾಡುವ ಹಾಗಿಲ್ಲ. ಕೇಳಲು ಸುಲಭ. ಆದರೆ ಎಂಟು ಒಂಬತ್ತಕ್ಕೆ ಬರುವಷ್ಟರಲ್ಲಿ ಪಕ್ಕದಲ್ಲಿ ಇನ್ನೇನೋ ನಡೆಯುತ್ತಿದೆ, ಅದನ್ನು ಬಿಟ್ಟರೆ ಹೋಯಿತು ಅಂತ ಜೀವ ಚಡಪಡಿಸುತ್ತದೆ. ಆ ಚಡಪಡಿಕೆಯನ್ನು ನುಂಗಿಕೊಳ್ಳಬೇಕು. ಹನ್ನೆರಡರ ನಂತರವೇ ಏನಾದರೂ ಆಗುವುದು. ಸೊಪ್ಪು ಮಾರುವವರು ಬೆಲೆ ಹೇಳಿ ಮುಗಿಸುತ್ತಾರೆ, ಕೊಳ್ಳುವವರು ಬೇಡ ಅಂತ ಎರಡು ಹೆಜ್ಜೆ ಹೋಗುತ್ತಾರೆ, ಹದಿನೇಳಕ್ಕೆ ತಿರುಗಿ ಬರುತ್ತಾರೆ. ಏಳು ಸೆಕೆಂಡಿಗೆ ನಿಲ್ಲಿಸಿದ್ದರೆ ಬೆಲೆ ಮಾತ್ರ ಇರುತ್ತಿತ್ತು, ಅವರ ತಿಂಗಳ ಕೊನೆಯ ಲೆಕ್ಕಾಚಾರ ಇರುತ್ತಿರಲಿಲ್ಲ.

ಎರಡು ಮೊಣಕೈಗಳನ್ನೂ ಪಕ್ಕೆಗೆ ಒತ್ತಿಕೊಳ್ಳಿ. ಕಾಲು ಸ್ವಲ್ಪ ಅಗಲ. ಗೋಡೆಯೋ ಕಂಬವೋ ಸಿಕ್ಕರೆ ಒರಗಿಕೊಳ್ಳಿ. ಉಸಿರನ್ನು ಬಿಗಿಹಿಡಿಯಬೇಡಿ, ಹಿಡಿದರೆ ಹದಿನೈದನೇ ಸೆಕೆಂಡಿಗೆ ಕೈ ಹೆಚ್ಚು ನಡುಗುತ್ತದೆ. ನಮ್ಮ ಸಿಂಧನೂರಿನವನು ಇದನ್ನು ತನ್ನ ರೂಮಿನಲ್ಲಿ ಒಂದು ಲೋಟ ನೀರು ಹಿಡಿದು ಅಭ್ಯಾಸ ಮಾಡಿದ, ನಾವು ನಕ್ಕೆವು, ಈಗ ನಮ್ಮ ಮೂವರಲ್ಲಿ ಅವನ ಕೈಯೇ ಗಟ್ಟಿ. ಹತ್ತಿರದಿಂದ ಬೇಕು ಅಂದರೆ ಬೆರಳಲ್ಲಿ ಝೂಮ್ ಎಳೆಯದೆ ಕಾಲಲ್ಲಿ ನಡೆದು ಹತ್ತಿರ ಹೋಗಿ. ಹತ್ತಿರ ಹೋಗಲು ಮುಜುಗರ ಆಗುತ್ತಿದೆ ಅಂದರೆ ಆ ವ್ಯಕ್ತಿಯ ಜೊತೆ ಇನ್ನೂ ಮಾತಾಡಿಲ್ಲ ಅಂತ ಅರ್ಥ. ಫೋನ್ ಇಳಿಸಿ, ಹೋಗಿ ಮಾತಾಡಿ.

ಲೆನ್ಸ್ ಒರೆಸಿ. ಜೇಬಿನಲ್ಲಿದ್ದ ಫೋನಿನ ಲೆನ್ಸಿಗೆ ಬೆವರು, ಎಣ್ಣೆ ಅಂಟಿರುತ್ತದೆ. ನಮ್ಮ ಮೊದಲ ತಿಂಗಳ ಎಲ್ಲ ಬೀದಿದೀಪಗಳೂ ಮಂಜಿನಲ್ಲಿದ್ದವು. ಊಟಿ ಥರ ಕಾಣುತ್ತಿತ್ತು ಪೀಣ್ಯ. ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ಒಳ್ಳೆಯ ಹೊತ್ತಿಗೆ ಸರಿಯಾಗಿ ಮನೆಯಿಂದ ಅಮ್ಮನ ಫೋನ್ ಬರುತ್ತದೆ. ಜಾಗ ಖಾಲಿ ಇಟ್ಟುಕೊಳ್ಳಿ, ನಮ್ಮ ಫೋನಿನಲ್ಲಿ ಒಂದು ನಿಮಿಷದ ವಿಡಿಯೋಗೆ 100 ಎಂಬಿಗಿಂತ ಹೆಚ್ಚು ಬೇಕು.

ಪೀಣ್ಯ ಶುರುವಾಗಿದ್ದು 1970ರ ದಶಕದಲ್ಲಿ. ದೊಡ್ಡ ಕಂಪನಿಗಳ ಹೆಸರು ಎಲ್ಲರಿಗೂ ಗೊತ್ತು. ಆದರೆ ಒಳಗಿನ ಅಡ್ಡರಸ್ತೆಗಳಲ್ಲಿರುವುದು ಸಣ್ಣ ಶೆಡ್ಡುಗಳು, ನಾಲ್ಕು ಲೇತು, ಎರಡು ಪವರ್ ಪ್ರೆಸ್ಸು, ಆರು ಜನ, ಜಾಬ್ ವರ್ಕು. ಅಂಥ ಒಂದು ಶೆಡ್ಡಿನ ಮಾಲೀಕರು, ಹಾವೇರಿ ಕಡೆಯವರು, ‘ಬರ್ರಿ, ಒಳಗ ಬರ್ರಿ, ಯಾಕ ಹೊರಗ ನಿಂತೀರಿ’ ಅಂದರು. ಒಳಗೆ ಕೂಲೆಂಟಿನ ಹಾಲಿನಂಥ ನೀರು, ಕಬ್ಬಿಣದ ಸುರುಳಿ ತುರಿ, ಟ್ಯೂಬ್‌ಲೈಟು. ಅರ್ಧ ದಿನ ತೆಗೆದೆವು. ರಾತ್ರಿ ನೋಡಿದರೆ ಇಡೀ ವಿಡಿಯೋದ ಮೇಲೆ ಕಪ್ಪು ಪಟ್ಟೆಗಳು ಮೇಲಿಂದ ಕೆಳಕ್ಕೆ ಹರಿಯುತ್ತಿವೆ! ಫೋನ್ ಕೆಟ್ಟಿದೆ ಅಂತ ತಿಳಿದೆವು.

ಫೋನ್ ಕೆಟ್ಟಿರಲಿಲ್ಲ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತದೆ, ಹಾಗಾಗಿ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಹೆಚ್ಚಿನ ಫೋನುಗಳು ಸೆಕೆಂಡಿಗೆ 30 ಚಿತ್ರ ತೆಗೆಯುವ ಹಾಗೆ ಬಂದಿರುತ್ತವೆ. ಅದೂ ಇದೂ ತಾಳೆಯಾಗದಿದ್ದಾಗ ಪಟ್ಟೆ ಬರುತ್ತದೆ. ವಿಡಿಯೋದ ಪ್ರೊ ಮೋಡ್ ಇದ್ದರೆ 25 ಫ್ರೇಮ್ ಮಾಡಿ, ಶಟರ್ 1/50 ಅಥವಾ 1/100 ಇಡಿ. ಪ್ರೊ ಮೋಡ್ ಇಲ್ಲದ ಫೋನಾದರೆ ಬಾಗಿಲ ಹತ್ತಿರ ಹೋಗಿ ಹಗಲ ಬೆಳಕಲ್ಲಿ ತೆಗೆಯಿರಿ. ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಬೆಳಕು ಲಾಕ್ ಆಗುತ್ತದೆ, ಇಲ್ಲದಿದ್ದರೆ ಬಿಳಿ ಅಂಗಿಯವರು ಎದುರು ಬಂದಾಗಲೆಲ್ಲ ಇಡೀ ಶೆಡ್ಡು ಕತ್ತಲಾಗುತ್ತದೆ.

ಹಾವೇರಿಯವರಿಗೆ ಆ ವಿಡಿಯೋ ತೋರಿಸಿದಾಗ ಅವರು ನೋಡಿದ್ದು ಪಟ್ಟೆಗಳನ್ನಲ್ಲ. ಲೇತಿನ ಚಕ್ ವೇಗವಾಗಿ ತಿರುಗುವಾಗ ವಿಡಿಯೋದಲ್ಲಿ ಅದು ನಿಧಾನಕ್ಕೆ ಹಿಂದಕ್ಕೆ ತಿರುಗುವ ಹಾಗೆ ಕಾಣುತ್ತಿತ್ತು. ‘ಏ ನೋಡ್ರಲೇ, ಮಷೀನ್ ಉಲ್ಟಾ ತಿರುಗಾಕ ಹತ್ತೈತಿ’ ಅಂತ ಹುಡುಗರನ್ನೆಲ್ಲ ಕರೆದು ತೋರಿಸಿದರು. ಅವತ್ತಿನಿಂದ ಅಲ್ಲಿ ನಮಗೆ ಯಾವ ಅಡ್ಡಿಯೂ ಆಗಲಿಲ್ಲ.

ಸೌಂಡಿನದ್ದೇ ದೊಡ್ಡ ಕಷ್ಟ. ಪವರ್ ಪ್ರೆಸ್ಸು ಒಂದು ಸಲ ಬಿದ್ದರೆ ಫೋನಿನ ಮೈಕು ಬೆಚ್ಚಿಬಿದ್ದು ತನ್ನಷ್ಟಕ್ಕೇ ಸದ್ದನ್ನು ತಗ್ಗಿಸಿಬಿಡುತ್ತದೆ. ಆಮೇಲೆ ಮನುಷ್ಯರ ಮಾತು ಬಾವಿಯೊಳಗಿಂದ ಬಂದ ಹಾಗೆ. ಚಿತ್ರ ಸ್ವಲ್ಪ ಅಲ್ಲಾಡಿದರೆ ಜನ ಸಹಿಸಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಮುಂದಕ್ಕೆ ತಳ್ಳುತ್ತಾರೆ. ನಾವು ಕಂಡುಕೊಂಡ ಬಡವರ ಉಪಾಯ ಹೀಗೆ: ಇನ್ನೊಂದು ಹಳೆಯ ಫೋನಿನಲ್ಲಿ ವಾಯ್ಸ್ ರೆಕಾರ್ಡರ್ ಹಾಕಿ, ಯಾರನ್ನು ತೆಗೆಯುತ್ತೇವೋ ಅವರನ್ನು ಕೇಳಿ ಅವರ ಜೇಬಿನಲ್ಲಿಡುವುದು. ಶುರುವಿನಲ್ಲಿ ಒಂದು ಚಪ್ಪಾಳೆ. ಆಮೇಲೆ ಎಡಿಟ್ ಮಾಡುವಾಗ ಎರಡೂ ಚಪ್ಪಾಳೆ ಒಂದಕ್ಕೊಂದು ಕೂಡಿಸಿದರೆ ಮಾತು ಕಿವಿಯ ಹತ್ತಿರವೇ ಇರುತ್ತದೆ. ಮತ್ತೊಂದು, ನೀವು ಬಾಯಿ ಮುಚ್ಚಿಕೊಂಡಿರಬೇಕು. ನಮ್ಮ ಎಷ್ಟೋ ಒಳ್ಳೆಯ ತುಣುಕುಗಳು ನಮ್ಮದೇ ‘ಹೂಂ, ಹೂಂ’ ಇಂದ ಹಾಳಾಗಿವೆ. ಊರಿನವರಿಗೆ ಹೂಂಗುಟ್ಟದೆ ಮಾತು ಕೇಳುವುದು ಅಂದರೆ ಅವಮಾನ ಮಾಡಿದ ಹಾಗೆ ಅನ್ನಿಸುತ್ತದೆ. ತಲೆಯಾಡಿಸುವುದನ್ನು ರೂಢಿ ಮಾಡಿಕೊಂಡೆವು.

ಈಗ ಆ ತಪ್ಪಿನ ವಿಷಯ.

ಟೀ ಅಂಗಡಿಯಲ್ಲಿ ಪರಿಚಯವಾದ ಒಬ್ಬ ಅಕ್ಕ ಇದ್ದರು. ಶಿರಾ ಕಡೆಯವರು, ಹೆಗ್ಗನಹಳ್ಳಿಯಲ್ಲಿ ಬಾಡಿಗೆ ಮನೆ, ಹದಿನಾರು ವರ್ಷದಿಂದ ಗಾರ್ಮೆಂಟ್ಸು. ಶರ್ಟಿಗೆ ಕಾಲರ್ ಕೂರಿಸುವ ಕೆಲಸ. ಗಂಡ ಇಲ್ಲ, ಒಂಬತ್ತನೇ ಕ್ಲಾಸಿನ ಮಗಳಿದ್ದಾಳೆ. ‘ನನ್ನನ್ನ ತಗೊಂಡು ಏನ್ ಮಾಡ್ತೀರಪ್ಪ’ ಅಂತ ಶುರುವಲ್ಲಿ ನಕ್ಕರು. ಆಮೇಲೆ ಒಪ್ಪಿದರು. ಒಪ್ಪಿದ್ದಕ್ಕೆ ಅವರದ್ದೇ ಒಂದು ಕಾರಣವೂ ಇತ್ತು. 2016ರ ಏಪ್ರಿಲ್ 18 ಮತ್ತು 19ರಂದು ಪಿಎಫ್ ಹಣದ ವಿಷಯಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಬೀದಿಗೆ ಬಂದದ್ದು ನಿಮಗೆ ನೆನಪಿರಬಹುದು. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ, ಇತ್ತ ತುಮಕೂರು ರಸ್ತೆಯಲ್ಲಿ ಸಾವಿರಾರು ಜನ ಕೂತರು. ಎರಡನೇ ದಿನವೇ ಸರ್ಕಾರ ಆ ನಿಯಮವನ್ನು ವಾಪಸ್ ತಗೊಂಡಿತು. ಅಕ್ಕ ಜಾಲಹಳ್ಳಿ ಕ್ರಾಸಿನಲ್ಲಿ ಇದ್ದರು. ‘ಅವತ್ತು ಬಿಸಿಲಲ್ಲಿ ಕೂತಿದ್ವಿ. ಪಕ್ಕದ ಮನೇರು ನೀರು ತಂದ್ಕೊಟ್ರು. ಟೀವೀಲಿ ನೋಡಿದ್ರೆ ಬಸ್ಸು ಸುಡೋದು, ಕಲ್ಲು ಹೊಡೆಯೋದು ಅಷ್ಟೇ. ನಾವು ಕೂತಿದ್ದು ಎಲ್ಲೂ ಬರ್ಲಿಲ್ಲ’ ಅಂದರು.

ಹದಿನೈದು ದಿನ ಅವರ ಜೊತೆ ಇದ್ದೆವು. ಬೆಳಿಗ್ಗೆ 4.45ಕ್ಕೆ ಏಳುವುದು, ನೀರು ಹಿಡಿಯುವುದು, ಎರಡು ಡಬ್ಬಿ ಅಡುಗೆ, ಮಗಳ ಜಡೆ, ಬಸ್ ಸ್ಟಾಪು, ಶಕ್ತಿ ಯೋಜನೆಯ ಫ್ರೀ ಟಿಕೆಟು. ನಾಲ್ಕನೇ ದಿನದಿಂದ ಅವರು ಫೋನನ್ನು ಮರೆತೇ ಬಿಟ್ಟರು. ನಮಗೂ ಧೈರ್ಯ ಬಂದಿತ್ತು. ಅಡುಗೆಮನೆಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಹದಿನಾಲ್ಕು ನಿಮಿಷ ಒಂದೇ ಶಾಟ್ ಹಿಡಿದೆವು, ಕೈ ಅಲ್ಲಾಡಲಿಲ್ಲ. ‘ನಮಗೆ ಬಂತು’ ಅಂದುಕೊಂಡೆವು.

ಹನ್ನೊಂದನೇ ದಿನ ಬಸ್ ಸ್ಟಾಪಿನಲ್ಲಿ ಅಕ್ಕ ತಮ್ಮ ಜೊತೆಯವರಿಗೆ ಸೂಪರ್‌ವೈಸರ್ ಹೇಗೆ ಬೈಯುತ್ತಾನೆ ಅಂತ ಮಾಡಿ ತೋರಿಸಿದರು. ಟಾರ್ಗೆಟ್ ಏರಿಸಿದ್ದು, ಬಾತ್‌ರೂಮಿಗೆ ಹೋದರೆ ವಾಚು ನೋಡುವುದು, ಕೈ ಸೊಂಟದ ಮೇಲಿಟ್ಟು ನಡೆಯುವ ನಡಿಗೆ. ಸುತ್ತ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅದು ನಮ್ಮ ಅತ್ಯುತ್ತಮ ತುಣುಕು. ನಮ್ಮಲ್ಲೊಬ್ಬರು ಅದರ 22 ಸೆಕೆಂಡನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆವು. ‘ಒಬ್ಬರು’ ಯಾರು ಅಂತ ಬರೆಯುವುದಿಲ್ಲ, ಮೂವರೂ ನೋಡಿ ಲೈಕ್ ಒತ್ತಿದ್ದೇವೆ.

ಸ್ಟೇಟಸ್ಸನ್ನು ಯಾರೋ ಇಳಿಸಿಕೊಂಡರು, ಯಾರಿಗೋ ಕಳಿಸಿದರು. ಮೂರನೇ ದಿನಕ್ಕೆ ಅದು ಫ್ಯಾಕ್ಟರಿಯ ಆಫೀಸು ತಲುಪಿತ್ತು. ಅಕ್ಕನನ್ನು ಕರೆದು ನಿಲ್ಲಿಸಿ, ತಪ್ಪಾಯ್ತು ಅಂತ ಬರೆಸಿಕೊಂಡು, ಮಷೀನಿನಿಂದ ಎಬ್ಬಿಸಿ ಎಂಟು ದಿನ ಹೆಲ್ಪರ್ ಕೆಲಸಕ್ಕೆ ಹಾಕಿದರು. ಹದಿನಾರು ವರ್ಷದ ಟೇಲರಿಗೆ ದಾರ ಕತ್ತರಿಸುವ ಕೆಲಸ. ನಮಗೆ ಇದನ್ನು ಹೇಳಿದ್ದು ಅವರ ಮಗಳು, ಫೋನ್ ಮಾಡಿ.

ಆ ಸಂಜೆ ಹೋದೆವು. ಅಕ್ಕ ಅವರೆಕಾಯಿ ಸುಲಿಯುತ್ತಿದ್ದರು. ಬೈಯಲಿಲ್ಲ. ‘ಕೂತ್ಕೊಳ್ಳಿ’ ಅಂದರು. ಸ್ವಲ್ಪ ಹೊತ್ತಾದ ಮೇಲೆ, ‘ನೀವು ಓದಿದೋರು. ನಿಮಗೆ ಗೊತ್ತಾಗ್ಲಿಲ್ವಾ?’ ಅಂದರು. ಅಷ್ಟೇ.

ಗೊತ್ತಿರಲಿಲ್ಲ ಅಂತ ಹೇಳುವ ಹಾಗಿರಲಿಲ್ಲ. ಗೊತ್ತಿತ್ತು, ಮರೆತಿದ್ದೆವು. ಅವರು ಒಪ್ಪಿದ್ದು ನಾವು ತೆಗೆಯುವುದಕ್ಕೆ. ಯಾರಿಗೆ, ಯಾವಾಗ ತೋರಿಸುತ್ತೇವೆ ಅಂತ ನಾವು ಕೇಳಿರಲೂ ಇಲ್ಲ, ಅವರು ಹೇಳಿರಲೂ ಇಲ್ಲ. ಅವರು ಫೋನನ್ನು ಮರೆತದ್ದನ್ನು ನಮ್ಮ ಗೆಲುವು ಅಂತ ಎಣಿಸಿದ್ದೆವು. ಅವರು ಮರೆತಾಗ ನೆನಪಿಟ್ಟುಕೊಳ್ಳಬೇಕಾದವರು ನಾವಾಗಿದ್ದೆವು.

ಅವರೆದುರೇ ಅಳಿಸಿದೆವು. ಆ 22 ಸೆಕೆಂಡು ಮಾತ್ರ ಅಲ್ಲ, ಗೇಟು, ಬಸ್ ಸ್ಟಾಪು, ಐಡಿ ಕಾರ್ಡು ಕಾಣುವ ಎಲ್ಲವನ್ನೂ. ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದವಳು, ‘ಅಣ್ಣ, ಬಿನ್‌ನಲ್ಲಿರುತ್ತೆ, ಅಲ್ಲೂ ತೆಗೀರಿ’ ಅಂದಳು. ಅಲ್ಲೂ ತೆಗೆದೆವು. ಲ್ಯಾಪ್‌ಟಾಪಿನಲ್ಲಿದ್ದ ಕಾಪಿಯನ್ನೂ ತೆಗೆದು ತೋರಿಸಿದೆವು. ಹಾಗೆ ಅಳಿಸಿದ್ದು ಸರಿಯಾ ಅಂತ ನಮ್ಮ ಗುಂಪಿನಲ್ಲಿ ಜಗಳವೇ ಆಯಿತು. ಒಬ್ಬ ಗೆಳೆಯ ‘ಅದು ಸಾಕ್ಷಿ ಕಣ್ರೋ, ಸಾಕ್ಷಿ ಅಳಿಸೋದು ಪತ್ರಕರ್ತರ ಕೆಲಸ ಅಲ್ಲ’ ಅಂದ. ಅವನ ಮಾತನ್ನು ತಳ್ಳಿಹಾಕಲು ಇವತ್ತಿಗೂ ಆಗಿಲ್ಲ. ಆದರೆ ಸಾಕ್ಷಿ ಹೇಳುತ್ತೇನೆ ಅಂತ ಅಕ್ಕ ಯಾವತ್ತೂ ಒಪ್ಪಿರಲಿಲ್ಲ.

ಆಮೇಲೆ ಒಂದು ತಿಂಗಳು ಫೋನ್ ಮುಟ್ಟಲು ಮನಸ್ಸಾಗಲಿಲ್ಲ. ಆ ದಿನಗಳಲ್ಲಿ ಬೇರೆಯವರು ಮಾಡಿದ್ದನ್ನು ಹುಡುಕಿ ಹುಡುಕಿ ನೋಡಿದೆವು, ಓದಿದೆವು. ಗುಜರಾತಿನ ಬಟ್ಟೆ ಗಿರಣಿಯೊಂದರ ಬಗ್ಗೆ ರಾಹುಲ್ ಜೈನ್ ಮಾಡಿದ ‘ಮಷೀನ್ಸ್’ ಅನ್ನುವ 2016ರ ಚಿತ್ರದಲ್ಲಿ ಕ್ಯಾಮೆರಾ ತೇಲುವ ಹಾಗೆ ಹೋಗುತ್ತದೆ, ನೋಡಿ ದಂಗಾದೆವು. ಆದರೆ ಅದರಲ್ಲೇ ಕೆಲಸಗಾರರು ಕ್ಯಾಮೆರಾ ಹಿಡಿದವರನ್ನು ಸುತ್ತುವರಿದು, ನೀವೂ ಬಂದು ನೋಡಿ ಹೋಗುವವರೇ ಅಲ್ಲವಾ ಅನ್ನುವ ಅರ್ಥದಲ್ಲಿ ಕೇಳುವ ಒಂದು ಜಾಗ ಇದೆ. ಅದನ್ನು ನೋಡುವಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಹಳ್ಳಿ ಹೆಂಗಸರು ಶುರುಮಾಡಿದ ‘ಖಬರ್ ಲಹರಿಯಾ’ ಪತ್ರಿಕೆಯ ಬಗ್ಗೆ ನಮಗೆ ತರಗತಿಯಲ್ಲೇ ಹೇಳಿದ್ದರು. ಅವರು ಅಚ್ಚಿನಿಂದ ಫೋನಿಗೆ ಬದಲಾದದ್ದನ್ನು ರಿಂಟು ಥಾಮಸ್ ಮತ್ತು ಸುಶ್ಮಿತ್ ಘೋಷ್ ‘ರೈಟಿಂಗ್ ವಿತ್ ಫೈರ್’ ಅಂತ ಚಿತ್ರ ಮಾಡಿದರು, ಆಸ್ಕರ್‌ಗೆ ನಾಮನಿರ್ದೇಶನವೂ ಆಯಿತು. ನಮಗಿಂತ ಕಷ್ಟದಿಂದ ಬಂದವರು ನಡುಗುವ ಕೈಯಲ್ಲಿ ಫೋನ್ ಹಿಡಿದು ಪೊಲೀಸ್ ಠಾಣೆಗೆ ಹೋಗುವುದನ್ನು ನೋಡಿದರೆ ಬಹಳ ಧೈರ್ಯ ಬರುತ್ತದೆ. ಆದರೆ 2022ರ ಮಾರ್ಚಿನಲ್ಲಿ, ಪ್ರಶಸ್ತಿ ಸಮಾರಂಭಕ್ಕೆ ಸ್ವಲ್ಪ ಮುಂಚೆ, ಅದೇ ಖಬರ್ ಲಹರಿಯಾದವರು ಈ ಚಿತ್ರದಲ್ಲಿರುವುದು ನಮ್ಮ ಪೂರ್ತಿ ಕಥೆ ಅಲ್ಲ ಅಂತ ಬಹಿರಂಗವಾಗಿ ಬರೆದರು. ವರ್ಷಗಟ್ಟಲೆ ಜೊತೆಗಿದ್ದು ತೆಗೆದ ಚಿತ್ರ! ಬೇರೆಯವರನ್ನು ಚಿತ್ರಿಸುವುದು ಗೊತ್ತಿದ್ದವರಿಗೇ ತಮ್ಮನ್ನು ಬೇರೆಯವರು ಚಿತ್ರಿಸಿದಾಗ ಹಾಗನ್ನಿಸಿತು. ಅಕ್ಕನಿಗೆ ಹಾಗೆ ಬರೆಯಲು ಯಾವ ಪತ್ರಿಕೆ ಇದೆ?

ನಮ್ಮ ರಾಜ್ಯದಲ್ಲೇ ಇನ್ನೊಂದು ದಾರಿ ಇದ್ದದ್ದು ಆಗ ಗೊತ್ತಾಯಿತು. ಬೆಂಗಳೂರಿನ ದೀಪಾ ಧನರಾಜ್, ಅಭಾ ಭೈಯ್ಯಾ, ನವ್ರೋಜ್ ಕಂಟ್ರಾಕ್ಟರ್, ಮೀರಾ ರಾವ್ ಸೇರಿ 1980ರಲ್ಲಿ ‘ಯುಗಾಂತರ್’ ಅಂತ ಒಂದು ಗುಂಪು ಕಟ್ಟಿದ್ದರು. ಅವರು ಬೆಳಗಾವಿ ಜಿಲ್ಲೆಯ ನಿಪ್ಪಾಣಿಗೆ ಹೋಗಿ, ತಂಬಾಕು ಕಾರ್ಖಾನೆಯ ಹೆಂಗಸರ ಜೊತೆ ತಿಂಗಳುಗಟ್ಟಲೆ ಇದ್ದು, 1982ರಲ್ಲಿ ‘ತಂಬಾಕೂ ಚಾಕಿಲಾ ಊಬ್ ಆಲಿ’ ಅನ್ನುವ ಮರಾಠಿ ಚಿತ್ರ ಮಾಡಿದರು. ಅರ್ಧ ಗಂಟೆಯೂ ಇಲ್ಲದ ಕಪ್ಪು ಬಿಳುಪು ಚಿತ್ರ. ಅದರಲ್ಲಿ ಹೆಂಗಸರು ತಮ್ಮ ಕಥೆಯನ್ನು ತಾವೇ ಹೇಳುತ್ತಾರೆ. ಅವರು ಸಂಘ ಕಟ್ಟಿಕೊಂಡಿದ್ದರು, ಚಿತ್ರ ಆ ಸಂಘದ ಜೊತೆ ನಿಂತಿತು. ನಾವು ಮಾತ್ರ ಅಕ್ಕನನ್ನು ಒಬ್ಬಂಟಿಯಾಗಿ ನಿಲ್ಲಿಸಿ ತೆಗೆದಿದ್ದೆವು.

ಅಕ್ಕನೇ ಫೋನ್ ಮಾಡಿದರು, ಯುಗಾದಿ ಆದ ಮೇಲೆ. ‘ಯಾಕೆ ಬರೋದೇ ಬಿಟ್ರಿ? ಹೋಳಿಗೆ ಇಟ್ಟಿದ್ದು ಕೆಟ್ಟೋಯ್ತು’ ಅಂದರು. ಹೋದೆವು. ಊಟ ಆದ ಮೇಲೆ ಅವರೇ ಮಾತು ತೆಗೆದು ಷರತ್ತು ಹೇಳಿದರು. ಗೇಟು ಬೇಡ. ಐಡಿ ಬೇಡ. ಫ್ಯಾಕ್ಟರಿ ಹೆಸರು ಬೇಡ. ಮಗಳ ಮುಖ ಬೇಡ. ತೆಗೆದದ್ದನ್ನು ಅವತ್ತವತ್ತೇ ರಾತ್ರಿ ತೋರಿಸಬೇಕು, ಬೇಡ ಅಂದದ್ದನ್ನು ಅಲ್ಲೇ ಅಳಿಸಬೇಕು. ಯಾಕೆ ಬೇಡ ಅಂತ ಕೇಳಬಾರದು.

ಒಪ್ಪಿಕೊಂಡೆವು. ಈಗ ಎಲ್ಲಿ ಹೋದರೂ ಇದನ್ನೇ ಮೊದಲು ಹೇಳುತ್ತೇವೆ. ರಾತ್ರಿ ತೋರಿಸುವುದರಿಂದ ಇನ್ನೊಂದು ಲಾಭವೂ ಆಯಿತು, ಅವರು ನಮಗಿಂತ ಚೆನ್ನಾಗಿ ನೋಡುತ್ತಾರೆ. ‘ಇಲ್ಲಿ ನನ್ನ ಕೈ ತಗೊಂಡಿದ್ದೀರಿ, ಆದ್ರೆ ನೋವಿರೋದು ಭುಜದಲ್ಲಿ’ ಅಂದರು ಒಂದು ದಿನ. ಮಾರನೇ ದಿನ ಹಿಂದೆ ನಿಂತು ಭುಜವನ್ನು ನೋಡಿದೆವು. ಪಾತ್ರೆ ಎತ್ತುವಾಗ ಎಡಭುಜ ಬಲಕ್ಕಿಂತ ಮೇಲೇರಿ ಅಲ್ಲೇ ನಿಲ್ಲುತ್ತಿತ್ತು. ಮೆಷಿನ್ ಮುಂದೆ ಕೂತು ಕೂತು ಹಾಗಾಗಿದೆ. ಮುಖ ಇಲ್ಲದ, ಗೇಟು ಇಲ್ಲದ, ಹೆಸರಿಲ್ಲದ ಆ ಶಾಟ್ ಈಗಲೂ ನಮ್ಮ ಬಳಿ ಇದೆ, ಅವರು ಇಟ್ಟುಕೊಳ್ಳಿ ಅಂದಿದ್ದಾರೆ.

ಹೋದ ತಿಂಗಳು ಒಂದು ಭಾನುವಾರ ಅಕ್ಕ ‘ಕೊಡಿ ಇಲ್ಲಿ, ನಾನೂ ಒಂದ್ಸಲ ಹಿಡೀತೀನಿ’ ಅಂತ ಫೋನ್ ತಗೊಂಡರು. ಹೇಗೆ ಹಿಡಿಯಬೇಕು ಅಂತ ಹೇಳಹೋದೆವು, ‘ಸುಮ್ನಿರಿ’ ಅಂದರು. ಮೊಣಕೈ ತಾನಾಗಿಯೇ ಪಕ್ಕೆಗೆ ಹೋಯಿತು, ಹದಿನಾರು ವರ್ಷ ಸೂಜಿಯ ಕೆಳಗೆ ಬಟ್ಟೆ ತಳ್ಳಿದ ಕೈ. ಒಲೆಯ ಮೇಲೆ ಹಾಲಿತ್ತು. ಹಾಲು, ಅದರ ಹಿಂದೆ ಕಿಟಕಿಯ ಕಂಬಿ, ಅದರಾಚೆ ಯಾರದೋ ಮನೆಯ ಒಣಹಾಕಿದ ಬಟ್ಟೆ. ಅಕ್ಕ ಮಾತಾಡಲಿಲ್ಲ, ಫೋನ್ ತಿರುಗಿಸಲಿಲ್ಲ. ನಾವು ಮನಸ್ಸಿನಲ್ಲೇ ಎಣಿಸಲು ಶುರುಮಾಡಿ, ಇಪ್ಪತ್ತು ದಾಟಿ, ಅರವತ್ತು ದಾಟಿ, ಬಿಟ್ಟುಬಿಟ್ಟೆವು. ಹಾಲು ಅಂಚಿಗೆ ಬಂದಾಗ ಇನ್ನೊಂದು ಕೈ ಚೌಕಟ್ಟಿನೊಳಗೆ ಬಂದು ಉರಿ ಸಣ್ಣ ಮಾಡಿತು.

ಮೂರು ನಿಮಿಷ ನಲವತ್ತು ಸೆಕೆಂಡು. ಕೊನೆಯಲ್ಲಿ ಅವರ ದನಿ ಇದೆ, ‘ಇದು ಆಫ್ ಮಾಡೋದು ಎಲ್ಲಿ?’